ಎರಡು ತಿಂಗಳ ದೇಶದ ಜಾಡಿನಲ್ಲಿ: ಡಕಾರ್‌ನಿಂದ ಕಿದಿರಾವರೆಗೆ

ಸೋಮವಾರ, ಡಕಾರ್

1960ರ ಜೂನ್ 20ರಂದು ಆಫ್ರಿಕಾದ ಪಶ್ಚಿಮ ಅಂಚಿನಲ್ಲಿ ಒಂದು ದೇಶ ಸ್ವತಂತ್ರವಾಯಿತು. ಆಗಸ್ಟ್ 20ರ ಬೆಳಗಾಗುವಷ್ಟರಲ್ಲಿ ಅದು ಮುರಿದುಬಿದ್ದಿತ್ತು. ನಮ್ಮ ಮನೆಯ ಮಾವಿನ ಉಪ್ಪಿನಕಾಯಿ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಫ್ರಾನ್ಸಿನ ಎರಡು ವಸಾಹತುಗಳು, ಸೆನೆಗಲ್ ಮತ್ತು ಫ್ರೆಂಚ್ ಸುಡಾನ್, ಸೇರಿ ಕಟ್ಟಿದ ಆ ದೇಶದ ಹೆಸರು ಮಾಲಿ ಒಕ್ಕೂಟ. ಈಗಿನ ಸುಡಾನ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂದು ನಾವು ಮಾಲಿ ಎಂದು ಕರೆಯುವ ನಾಡಿಗೆ ಫ್ರೆಂಚರು ಇಟ್ಟಿದ್ದ ಹೆಸರು ಸುಡಾನ್.

ಇಂಥ ಅಲ್ಪಾಯುಷಿ ದೇಶವನ್ನು ನೋಡಲು ಹೋಗುವುದೆಂದರೆ ಏನನ್ನು ನೋಡುವುದು ಎಂದು ಮನೆಯಲ್ಲಿ ಕೇಳಿದರು. ಹಳೆಯ ರೈಲುಹಳಿಯನ್ನು ಎಂದೆ. ಅಟ್ಲಾಂಟಿಕ್ ದಡದ ಡಕಾರ್‌ನಿಂದ ನೈಜರ್ ನದಿಯವರೆಗೆ, 1,200 ಕಿಲೋಮೀಟರಿಗೂ ಮಿಕ್ಕಿದ ಮೀಟರ್‌ಗೇಜ್ ಹಳಿ ಆ ದೇಶದ ಬೆನ್ನುಮೂಳೆಯಾಗಿತ್ತು. ಅದರ ಗುಂಟ ಮಾಲಿಯ ರಾಜಧಾನಿ ಬಮಾಕೊ ತನಕ ಹೋಗಬೇಕೆಂಬ ಆಸೆಯಿತ್ತು. ಆದರೆ 2025ರ ಜುಲೈ 1ರಂದು ಮಾಲಿಯ ಕಾಯೆಸ್ ಪಟ್ಟಣದ ಮೇಲೆ ಉಗ್ರರ ದಾಳಿ ನಡೆದು, ಅಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿದ್ದ ಮೂವರು ಭಾರತೀಯರ ಅಪಹರಣವಾಯಿತು. ಆ ಕಾಯೆಸ್ ಇರುವುದೇ ಈ ರೈಲುಮಾರ್ಗದ ಮೇಲೆ. ಆದ್ದರಿಂದ ಗಡಿಯೂರು ಕಿದಿರಾವೇ ನನ್ನ ಕೊನೆಯ ನಿಲ್ದಾಣ ಎಂದು ಹೊರಡುವ ಮೊದಲೇ ತೀರ್ಮಾನಿಸಿದ್ದೆ.

ವಿಮಾನ ಇಳಿದ ಮಧ್ಯಾಹ್ನವೇ ಡಕಾರ್ ರೈಲು ನಿಲ್ದಾಣಕ್ಕೆ ಹೋದೆ. ಇಪ್ಪತ್ತನೆಯ ಶತಮಾನದ ಆರಂಭದ ಕಟ್ಟಡ, ಕಮಾನುಗಳಿಗೆಲ್ಲ ಹೊಸ ಬಣ್ಣ. 2021ರ ಡಿಸೆಂಬರಿನಿಂದ ಇಲ್ಲಿಂದ ಹೊಸ ನಗರ ರೈಲು ಓಡುತ್ತಿದೆ. ಹವಾನಿಯಂತ್ರಿತ ಬೋಗಿ, ಚೊಕ್ಕ ಆಸನ, ಕೊರಳಲ್ಲಿ ಗುರುತುಪತ್ರ ತೂಗಿಬಿಟ್ಟ ಕಚೇರಿಯ ಜನ. ಅದು ಹೋಗುವುದು ಊರಿನ ಹೊರವಲಯದ ದಿಯಾಮ್ನಿಯಾದಿಯೊವರೆಗೆ ಮಾತ್ರ. ಬಮಾಕೊಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು ನಿಂತು ಬಹಳ ವರ್ಷಗಳಾದವು. 1960ರ ಆಗಸ್ಟಿನಲ್ಲಿ ಒಕ್ಕೂಟದ ಪ್ರಧಾನಿಯನ್ನೇ, ಅವರ ಸುಡಾನ್ ಸಹೋದ್ಯೋಗಿಗಳೊಂದಿಗೆ, ಕಾವಲಿನ ವಿಶೇಷ ರೈಲಿಗೆ ಹತ್ತಿಸಿ ಆ ದಿಕ್ಕಿಗೆ ಸಾಗಹಾಕಿದರು. ತನ್ನದೇ ರಾಜಧಾನಿಯಿಂದ ತನ್ನದೇ ರೈಲಿನಲ್ಲಿ ಗಡೀಪಾರಾದ ಪ್ರಧಾನಿ ಬೇರೆ ಯಾರಾದರೂ ಇದ್ದಾರೆಯೇ? ನನಗಂತೂ ನೆನಪಾಗಲಿಲ್ಲ.

ಮಂಗಳವಾರ, ಗೋರೆ ದ್ವೀಪ

ದೋಣಿಯಲ್ಲಿ ಇಪ್ಪತ್ತು ನಿಮಿಷದ ಹಾದಿ. ಜನ ಇಲ್ಲಿಗೆ ಬರುವುದು ಗುಲಾಮರ ಮನೆ ನೋಡಲು. ನಾನೂ ನೋಡಿದೆ. ಆ ಕತ್ತಲ ಕೋಣೆಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ, ಅದನ್ನು ಅವರಿಗೇ ಬಿಡುತ್ತೇನೆ. ನಾನು ಬಂದದ್ದು ಒಂದು ಶಾಲೆಯನ್ನು ಹುಡುಕಿಕೊಂಡು.

ವಿಲಿಯಂ ಪೊಂತಿ ಶಾಲೆ 1938ರ ಹೊತ್ತಿಗೆ ಒಳನಾಡಿಗೆ ಸ್ಥಳಾಂತರವಾಗುವ ಮೊದಲು ಇದ್ದದ್ದು ಈ ದ್ವೀಪದಲ್ಲಿ. ಫ್ರೆಂಚ್ ಪಶ್ಚಿಮ ಆಫ್ರಿಕಾದ ಎಂಟೂ ವಸಾಹತುಗಳಿಂದ ಆಯ್ದು ತಂದ ಹುಡುಗರನ್ನು ಗುಮಾಸ್ತರು, ಮೇಷ್ಟ್ರುಗಳು, ವೈದ್ಯ ಸಹಾಯಕರನ್ನಾಗಿ ತಿದ್ದುವ ಕಾರ್ಖಾನೆ ಅದು. ಒಕ್ಕೂಟದ ಪ್ರಧಾನಿಯಾದ ಸುಡಾನಿನ ಮೊದಿಬೊ ಕೇಯ್ಟಾ ಕಲಿತದ್ದು ಇಲ್ಲಿ. ಅವರನ್ನು ರೈಲು ಹತ್ತಿಸಿದ ಸೆನೆಗಲ್‌ನ ಮಾಮಾದು ದಿಯಾ, ಕೇಯ್ಟಾರಿಗಿಂತ ಕೆಲವು ವರ್ಷ ಮೊದಲು, ಕಲಿತದ್ದೂ ಇಲ್ಲಿ. ಒಕ್ಕೂಟ ಹುಟ್ಟುವ ಮೊದಲೇ ಅದರ ಕಾಲು ಮುರಿದ ಐವರಿ ಕೋಸ್ಟ್‌ನ ಫೆಲಿಕ್ಸ್ ಉಫುವೆ-ಬ್ವಾನಿ ಇನ್ನೂ ಹಿಂದಿನ ತಲೆಮಾರಿನ ವಿದ್ಯಾರ್ಥಿ. ಬಣ್ಣ ಮಾಸಿದ ಗೋಡೆಗಳ ಮುಂದೆ ನಿಂತಾಗ, ಭಾಷೆ ಬೇರೆ, ಕುಲ ಬೇರೆ, ಅದಕ್ಕೇ ಒಡೆಯಿತು ಎನ್ನುವ ಸುಲಭದ ವಿವರಣೆ ನನ್ನ ಮಟ್ಟಿಗೆ ಅಲ್ಲೇ ಉದುರಿತು. ಒಂದೇ ಗಂಟೆಗೆ ಎದ್ದು, ಒಂದೇ ಪಠ್ಯ ಉರು ಹೊಡೆದು, ಒಂದೇ ಫ್ರೆಂಚಿನಲ್ಲಿ ಜಗಳವಾಡಲು ಕಲಿತವರು ಇವರು.

ಹಾಗಾದರೆ ಕಥೆ ಎಲ್ಲಿಂದ ಶುರು? ಎಂಟು ವಸಾಹತುಗಳನ್ನು ಒಂದೇ ಗವರ್ನರ್ ಜನರಲ್‌ನ ಕೈಕೆಳಗೆ ಇಟ್ಟು ಡಕಾರ್‌ನಿಂದ ಆಳುತ್ತಿದ್ದ ಫ್ರಾನ್ಸ್, 1956ರ ಜೂನ್‌ನಲ್ಲಿ ಹೊಸ ಕಾಯ್ದೆಯೊಂದನ್ನು ತಂದಿತು. ಅಧಿಕಾರವನ್ನು ಆಫ್ರಿಕನ್ನರಿಗೆ ಕೊಡುತ್ತೇವೆ, ಆದರೆ ಡಕಾರ್‌ನ ಒಟ್ಟು ಕೂಟಕ್ಕಲ್ಲ, ಒಂದೊಂದು ವಸಾಹತಿಗೂ ಬಿಡಿಬಿಡಿಯಾಗಿ ಎಂಬುದು ಅದರ ತಿರುಳು. ಸೆನೆಗಲ್‌ನ ಕವಿ-ರಾಜಕಾರಣಿ ಲಿಯೊಪೋಲ್ಡ್ ಸೆದಾರ್ ಸೆಂಘೋರ್ ಇದನ್ನು ಆಫ್ರಿಕಾದ ಬಾಲ್ಕನೀಕರಣ, ಅಂದರೆ ಚೂರುಚೂರು ಮಾಡುವುದು, ಎಂದು ಕರೆದು ಕೊನೆಯವರೆಗೂ ವಿರೋಧಿಸಿದರು. ಉಫುವೆ-ಬ್ವಾನಿ ಸ್ವಾಗತಿಸಿದರು. ಐವರಿ ಕೋಸ್ಟ್‌ನ ಕಾಫಿ, ಕೋಕೊ ದುಡ್ಡು ಡಕಾರ್‌ನ ಖಜಾನೆಗೆ ಹೋಗಿ ಬಡ ವಸಾಹತುಗಳಿಗೆ ಹಂಚಿಹೋಗುವುದು ಅವರಿಗೆ ಸಾಕಾಗಿತ್ತು. ಅದೇ ವರ್ಷದ ನವೆಂಬರ್ 1ರಂದು ನಮ್ಮಲ್ಲಿ ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹರಿದು ಹಂಚಿದ್ದ ಕನ್ನಡ ಸೀಮೆ ಮೈಸೂರಿನೊಂದಿಗೆ ಕೂಡಿತು. ಅಲ್ಲಿ ತುಂಡುಗಳನ್ನು ಹೊಲಿಯುತ್ತಿದ್ದ ಹೊತ್ತಿಗೆ ಇಲ್ಲಿ ಇಡೀ ಬಟ್ಟೆಯನ್ನು ಕತ್ತರಿಸುತ್ತಿದ್ದರು. ನಮ್ಮವರ ಬೆನ್ನಿಗೆ ಆಗಲೇ ಗಟ್ಟಿಯಾದ ಒಂದು ಕೇಂದ್ರವಿತ್ತು ಎಂಬ ವ್ಯತ್ಯಾಸವನ್ನು ಮರೆಯಬಾರದು.

ಫ್ರಾನ್ಸಿನ ಹೊಸ ಸಮುದಾಯದಲ್ಲಿ ಉಳಿಯುತ್ತೀರಾ ಎಂದು ಕೇಳಿದ 1958ರ ಸೆಪ್ಟೆಂಬರಿನ ಜನಮತದಲ್ಲಿ ಗಿನಿಯೊಂದೇ ಫ್ರೆಂಚ್ ನಾಯಕ ಡಿ ಗಾಲ್‌ಗೆ ಬೇಡ ಎಂದು ಹೇಳಿ ಹೊರಬಿತ್ತು. ಉಳಿದವರಲ್ಲಿ ಒಕ್ಕೂಟದ ಆಸೆಯಿದ್ದ ನಾಲ್ವರು, ಸೆನೆಗಲ್, ಸುಡಾನ್, ಅಪ್ಪರ್ ವೋಲ್ಟಾ ಮತ್ತು ದಹೋಮಿ (ಇಂದಿನ ಬೆನಿನ್), ವರ್ಷದ ಕೊನೆಗೆ ಬಮಾಕೊದಲ್ಲಿ ಕೂತು ಮಾತಾಡಿದರು. 1959ರ ಜನವರಿ 17ರಂದು ಡಕಾರ್‌ನಲ್ಲಿ ಸಂವಿಧಾನವೂ ಸಿದ್ಧವಾಯಿತು. ಹದಿಮೂರನೆಯ ಶತಮಾನದ ಮಹಾಸಾಮ್ರಾಜ್ಯದ ನೆನಪಿಗೆ ಮಾಲಿ ಎಂದು ಹೆಸರಿಟ್ಟರು. ಕೆಲವೇ ವಾರಗಳಲ್ಲಿ ಅಪ್ಪರ್ ವೋಲ್ಟಾ ಹಿಂದೆ ಸರಿಯಿತು. ದಹೋಮಿಯೂ ಸರಿಯಿತು. ಒಂದು ಕಡೆ ಫ್ರಾನ್ಸಿನ ಒತ್ತಡ, ಇನ್ನೊಂದು ಕಡೆ ಉಫುವೆ-ಬ್ವಾನಿಯ ಹಣ ಮತ್ತು ಬಂದರಿನ ಸೆಳೆತ. ಅದೇ ವರ್ಷದ ಮೇ ತಿಂಗಳಲ್ಲಿ ಅವರಿಬ್ಬರೂ ನೈಜರ್ ಜೊತೆಗೂಡಿ ಐವರಿ ಕೋಸ್ಟ್‌ನ ಸಡಿಲ ಕೂಟದಲ್ಲಿ ಕುಳಿತಿದ್ದರು. ಎಂಟರಲ್ಲಿ ನಾಲ್ಕು, ನಾಲ್ಕರಲ್ಲಿ ಎರಡು.

ಒಕ್ಕೂಟ ಸತ್ತದ್ದು 1960ರಲ್ಲಿ ಎಂದು ಪುಸ್ತಕಗಳು ಹೇಳುತ್ತವೆ. ಅದು ಇಬ್ಬರದ್ದಾದ ದಿನವೇ ಸಾಯಲು ಶುರುವಾಯಿತು ಎಂಬುದು ನನ್ನ ಎಣಿಕೆ. ನಾಲ್ವರಿದ್ದರೆ ಒಬ್ಬ ಮುನಿಸಿಕೊಂಡಾಗ ಉಳಿದವರು ಸಂತೈಸಬಹುದು, ಗುಂಪು ಬದಲಿಸಬಹುದು, ಒಬ್ಬನನ್ನು ಮತದಲ್ಲಿ ಸೋಲಿಸಿ ಮರುದಿನ ಸಮಾಧಾನ ಮಾಡಬಹುದು. ಇಬ್ಬರೇ ಆದಾಗ ಪ್ರತಿ ಮಾತೂ ನೀನೋ ನಾನೋ ಎಂದು ಬಂದು ನಿಲ್ಲುತ್ತದೆ.

ಬುಧವಾರ, ಮತ್ತೆ ಡಕಾರ್

ಬೆಳಿಗ್ಗೆ ರಸ್ತೆಬದಿಯಲ್ಲಿ ಕಾಫಿ ತೂಬಾ ಕುಡಿದೆ. ಒಂದು ಬಗೆಯ ಕಾಡುಮೆಣಸು, ಲವಂಗ ಹಾಕಿ ಕಾಸಿದ ಕಡುಸಿಹಿ ಕಾಫಿ. ಚಿಕ್ಕಮಗಳೂರಿನವರು ಮುಖ ಸಿಂಡರಿಸಬಹುದು, ನನಗೆ ಕಷಾಯದಂತೆ ಹಿತವಾಯಿತು. ಪಕ್ಕದಲ್ಲೇ ಬಾವುಟ ಮಾರುವವನಿದ್ದ. ಸೆನೆಗಲ್ ಬಾವುಟ ಹಸಿರು, ಹಳದಿ, ಕೆಂಪು ಪಟ್ಟಿ, ನಡುವೆ ಹಸಿರು ನಕ್ಷತ್ರ. ಮಾಲಿಯದು ಅವೇ ಪಟ್ಟಿಗಳು, ನಕ್ಷತ್ರವಿಲ್ಲ. ಒಕ್ಕೂಟದ ಬಾವುಟದಲ್ಲಿ ನಕ್ಷತ್ರದ ಜಾಗದಲ್ಲಿ ಕೈಯೆತ್ತಿ ನಿಂತ ಕಪ್ಪು ಮಾನವಾಕೃತಿಯೊಂದಿತ್ತು, ದೋಗೊನ್ ಜನರ ಮುಖವಾಡ ಶೈಲಿಯದು. ಒಡೆದ ಮೇಲೆ ಮಾಲಿ ಅದನ್ನು ಸ್ವಲ್ಪ ಕಾಲ ಇಟ್ಟುಕೊಂಡಿತು. ಮನುಷ್ಯಾಕೃತಿ ಇಸ್ಲಾಮಿಗೆ ಸಲ್ಲದು ಎಂದು ಆಕ್ಷೇಪ ಬಂದು 1961ರ ಮಾರ್ಚ್‌ನಲ್ಲಿ ತೆಗೆದುಹಾಕಿತು.

ಆಸ್ತಿ ಹಂಚಿಕೆಯ ಉಳಿದ ಪಟ್ಟಿ ಇನ್ನೂ ಸ್ವಾರಸ್ಯದ್ದು. ಹೆಸರು ಬಮಾಕೊಗೆ ಹೋಯಿತು. ದಿನಾಂಕ ಡಕಾರ್‌ಗೆ ಉಳಿಯಿತು. ಸೆನೆಗಲ್ ಸ್ವಾತಂತ್ರ್ಯೋತ್ಸವ ಆಚರಿಸುವುದು ಏಪ್ರಿಲ್ 4ರಂದು, 1960ರಲ್ಲಿ ಅಧಿಕಾರ ಹಸ್ತಾಂತರದ ಒಪ್ಪಂದಕ್ಕೆ ಫ್ರಾನ್ಸ್ ಮತ್ತು ಮಾಲಿ ಒಕ್ಕೂಟ ಸಹಿ ಹಾಕಿದ ದಿನ. ಅಂದರೆ ತಾನೇ ಮುರಿದ ದೇಶದ ಹುಟ್ಟಿನ ಸಡಗರವನ್ನು ಸೆನೆಗಲ್ ವರ್ಷಾವರ್ಷ ಮಾಡುತ್ತದೆ. ಮಾಲಿ ಆ ದಿನವನ್ನು ಬಿಟ್ಟು, ಬಮಾಕೊದಲ್ಲಿ ಹೊಸ ಗಣರಾಜ್ಯ ಘೋಷಿಸಿದ ಸೆಪ್ಟೆಂಬರ್ 22ನ್ನು ಹಿಡಿಯಿತು. ಧ್ಯೇಯವಾಕ್ಯವನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಒಂದೇ ಜನ, ಒಂದೇ ಗುರಿ, ಒಂದೇ ನಂಬಿಕೆ ಎಂಬ ಅದೇ ಸಾಲು ಇಂದಿಗೂ ಎರಡೂ ದೇಶಗಳ ಲಾಂಛನದಲ್ಲಿದೆ. ಗಡಿಯ ಆಚೆ ಈಚೆ ಒಂದೇ ಜನ ಎಂದು ಬೇರೆಬೇರೆಯಾಗಿ ಸಾರುವ ಬೇರೆ ಜೋಡಿ ನನಗೆ ಗೊತ್ತಿಲ್ಲ.

ಅಧ್ಯಕ್ಷರ ಅರಮನೆಯ ಬೇಲಿಯ ಹೊರಗೆ ಕೆಂಪು ಸಮವಸ್ತ್ರದ ಕಾವಲುಗಾರನನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಗವರ್ನರ್ ಜನರಲ್‌ಗಾಗಿ ಕಟ್ಟಿದ ಬಿಳಿ ಕಟ್ಟಡ ಇದು. ಜಗಳ ಶುರುವಾದದ್ದೇ ಇಂಥ ಅರಮನೆಗೆ ಯಾರು ಎಂಬ ಪ್ರಶ್ನೆಯಿಂದ.

ಹುದ್ದೆಗಳ ಹಂಚಿಕೆ ಹೀಗಿತ್ತು. ಕೇಯ್ಟಾ ಒಕ್ಕೂಟ ಸರ್ಕಾರದ ಮುಖ್ಯಸ್ಥ. ದಿಯಾ ಉಪಮುಖ್ಯಸ್ಥ, ರಕ್ಷಣಾ ಖಾತೆಯೂ ಅವರದೇ. ಸೆಂಘೋರ್ ಒಕ್ಕೂಟದ ಶಾಸನಸಭೆಯ ಅಧ್ಯಕ್ಷ. ಜನಸಂಖ್ಯೆಯಲ್ಲಿ ಸುಡಾನ್ ದೊಡ್ಡದು, ಬಂದರು, ಕಾರ್ಖಾನೆ, ತೆರಿಗೆಯ ಹಣದಲ್ಲಿ ಸೆನೆಗಲ್ ದೊಡ್ಡದು, ಆದರೂ ಸಭೆಯಲ್ಲಿ ಇಬ್ಬರಿಗೂ ಸಮಪಾಲು. ಇದರ ಮೇಲೆ ಇನ್ನೊಂದು ವಿಚಿತ್ರ: ಕೇಯ್ಟಾ ಸುಡಾನ್ ಸರ್ಕಾರದ ಮುಖ್ಯಸ್ಥರಾಗಿಯೂ, ದಿಯಾ ಸೆನೆಗಲ್ ಸರ್ಕಾರದ ಮುಖ್ಯಸ್ಥರಾಗಿಯೂ ಮುಂದುವರಿದಿದ್ದರು. ಮೇಲಿನ ಮನೆಯಲ್ಲಿ ಸಹೋದ್ಯೋಗಿಗಳು, ಕೆಳಗಿನ ಮನೆಯಲ್ಲಿ ಪ್ರತಿಸ್ಪರ್ಧಿಗಳು.

ಅಧ್ಯಕ್ಷ ಸ್ಥಾನ ಖಾಲಿ ಇತ್ತು. ಚುನಾವಣೆ ಆಗಸ್ಟ್ 27ಕ್ಕೆ ನಿಗದಿಯಾಗಿತ್ತು. ಪ್ರಧಾನಿ ಸುಡಾನಿನವರಾದ ಮೇಲೆ ಅಧ್ಯಕ್ಷರು ತಮ್ಮವರೇ, ಅದೂ ಸೆಂಘೋರ್ ಎಂದು ಸೆನೆಗಲ್ ತಿಳಿದಿತ್ತು. ಸುಡಾನ್ ಒಪ್ಪಲಿಲ್ಲ. ಮುಸ್ಲಿಮರೇ ಬಹುಪಾಲಿರುವ ದೇಶಕ್ಕೆ ಕ್ಯಾಥೊಲಿಕ್ ಅಧ್ಯಕ್ಷ ಬೇಡ, ಫ್ರಾನ್ಸಿಗೆ ಇಷ್ಟು ಹತ್ತಿರದವರು ಬೇಡ ಎಂಬ ಗುಸುಗುಸು ಹಬ್ಬಿತು. ಮಜಾ ಎಂದರೆ ಅದೇ ಸೆಂಘೋರ್‌ರನ್ನು ಸೆನೆಗಲ್‌ನ ಮುಸ್ಲಿಂ ಧರ್ಮಗುರುಗಳು ವರ್ಷಗಟ್ಟಲೆ ಬೆಂಬಲಿಸಿಕೊಂಡು ಬಂದಿದ್ದರು. ಕೇಯ್ಟಾ ಕಡೆಯವರು ಆ ಗುರುಗಳನ್ನೇ ಸಂಪರ್ಕಿಸತೊಡಗಿದಾಗ ಸೆನೆಗಲ್ ನಾಯಕರ ಜಂಘಾಬಲ ಉಡುಗಿತು. ಅವರ ರಾಜಕೀಯ ನಿಂತಿದ್ದದ್ದೇ ಆ ನೆಲಗಟ್ಟಿನ ಮೇಲೆ.

ಇನ್ನೊಂದು ಕಿಡಿ ಸೈನ್ಯದ್ದು. ಕೇಯ್ಟಾ ಕರ್ನಲ್ ಅಬ್ದುಲಾಯೆ ಸುಮಾರೆಯವರನ್ನು ಸೇನಾ ಮುಖ್ಯಸ್ಥರನ್ನಾಗಿ ನೇಮಿಸಿದರು. ರಕ್ಷಣಾ ಸಚಿವ ದಿಯಾ ಸಹಿ ಹಾಕಲು ಒಪ್ಪಲಿಲ್ಲ.

ಆಗಸ್ಟ್ 19ರ ರಾತ್ರಿ ಕೇಯ್ಟಾ ತುರ್ತು ಸಂಪುಟ ಸಭೆ ಕರೆದರು. ಸೆನೆಗಲ್ ಮಂತ್ರಿಗಳಲ್ಲಿ ಹೆಚ್ಚಿನವರು ಅಲ್ಲಿರಲಿಲ್ಲ. ದಿಯಾರಿಂದ ರಕ್ಷಣಾ ಖಾತೆ ಕಿತ್ತುಕೊಂಡು, ತುರ್ತುಪರಿಸ್ಥಿತಿ ಘೋಷಿಸಿ, ಸೈನ್ಯವನ್ನು ಬೀದಿಗಿಳಿಸಲು ಆದೇಶ ಕೊಟ್ಟರು. ಕಾಗದದ ಮೇಲೆ ಅಧಿಕಾರ ಅವರದೇ. ಆದರೆ ಡಕಾರ್‌ನ ಸಶಸ್ತ್ರ ಪೊಲೀಸ್ ದಳ ಸೆನೆಗಲ್ ನಾಯಕರ ಮಾತು ಕೇಳಿತು. ಸುಮಾರೆಯವರನ್ನು ಅದು ವಶಕ್ಕೆ ತೆಗೆದುಕೊಂಡಿತು, ಕೇಯ್ಟಾರ ಮನೆಯನ್ನು ಸುತ್ತುವರಿಯಿತು. ನಸುಕಿಗೆ ಮುಂಚೆಯೇ ಸೆನೆಗಲ್ ಶಾಸನಸಭೆ ಕೂಡಿ ಒಕ್ಕೂಟದಿಂದ ಹೊರಬಂದಿದ್ದೇವೆ ಎಂದು ಸಾರಿತು. ದೊಡ್ಡ ರಕ್ತಪಾತವಿಲ್ಲದೆ, ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯಿತು. ಕೇಯ್ಟಾ ಫ್ರಾನ್ಸಿನ ನೆರವು ಕೇಳಿದರು, ಫ್ರಾನ್ಸ್ ಮಧ್ಯೆ ಬರಲಿಲ್ಲ. ಸೆಪ್ಟೆಂಬರ್ 5ರಂದು ಸೆಂಘೋರ್ ಸೆನೆಗಲ್ ಅಧ್ಯಕ್ಷರಾದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಜೂನ್‌ನಲ್ಲೇ ಮಾಲಿ ಒಕ್ಕೂಟದ ಸದಸ್ಯತ್ವಕ್ಕೆ ಶಿಫಾರಸು ಮಾಡಿತ್ತು. ಸೆಪ್ಟೆಂಬರ್ 28ರಂದು ಒಳಗೆ ಬಂದದ್ದು ಎರಡು ದೇಶ.

ಯಾರದು ತಪ್ಪು? ಕೇಯ್ಟಾ ಒಂದೇ ಗಟ್ಟಿ ರಾಷ್ಟ್ರ, ಒಂದೇ ಪಕ್ಷ ಬಯಸಿದವರು. ಸೆಂಘೋರ್, ದಿಯಾ ತಮ್ಮ ಅಂಗಳ ತಮಗಿರಲಿ ಎನ್ನುವ ಸಡಿಲ ಕೂಟ ಬಯಸಿದವರು. ಎರಡೂ ಪ್ರಾಮಾಣಿಕ ನಿಲುವುಗಳೇ. ಇವು ಮೊದಲ ದಿನದಿಂದಲೇ ಗೊತ್ತಿದ್ದವು, ಸ್ವಾತಂತ್ರ್ಯ ಬಂದ ಮೇಲೆ ನೋಡಿಕೊಳ್ಳೋಣ ಎಂದು ಇಬ್ಬರೂ ಮುಂದೂಡಿದರು. ಇತಿಹಾಸ ಸೆಂಘೋರ್ ಕಡೆಗೆ ಹೆಚ್ಚು ಮೃದುವಾಗಿದೆ, ಕವಿಗಳಿಗೆ ಸಿಗುವ ರಿಯಾಯಿತಿ ಅದು ಎಂದು ನನ್ನ ಅನುಮಾನ. ಎರಡೇ ವರ್ಷದಲ್ಲಿ, 1962ರ ಡಿಸೆಂಬರಿನಲ್ಲಿ, ಅದೇ ಸೆಂಘೋರ್ ತಮ್ಮ ಬಲಗೈಯಾಗಿದ್ದ ದಿಯಾರನ್ನೂ ಸೆರೆಗೆ ಹಾಕಿದರು. ದಿಯಾ ಹೊರಬಂದದ್ದು 1974ರಲ್ಲಿ. ಕೇಯ್ಟಾರನ್ನು 1968ರ ನವೆಂಬರಿನಲ್ಲಿ ಸೈನ್ಯ ಕೆಳಗಿಳಿಸಿತು, 1977ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಈಗ ಬಮಾಕೊ ವಿಮಾನ ನಿಲ್ದಾಣಕ್ಕೆ ಕೇಯ್ಟಾ ಹೆಸರು, ಡಕಾರ್‌ನ ಸರ್ಕಾರಿ ಸೌಧಕ್ಕೆ ದಿಯಾ ಹೆಸರು. ಏಪ್ರಿಲ್ 4ರ ಪಥಸಂಚಲನ ನಡೆಯುವ ಡಿ ಗಾಲ್ ರಸ್ತೆಗೂ ಈಚೆಗೆ ದಿಯಾ ಹೆಸರಿಟ್ಟಿದ್ದಾರೆ. ಫ್ರಾನ್ಸಿನ ಕೊನೆಯ ಸೇನಾ ನೆಲೆ ಡಕಾರ್ ಬಿಟ್ಟದ್ದು 2025ರ ಜುಲೈಯಲ್ಲಿ.

ಸಂಜೆ ವಿಶ್ವವಿದ್ಯಾಲಯದ ಆವರಣದಲ್ಲಿ ಸುತ್ತಾಡಿದೆ. ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ದ್ರಾವಿಡರಿಗೂ ಕಪ್ಪು ಆಫ್ರಿಕಕ್ಕೂ ಪ್ರಾಚೀನ ಬಂಧುತ್ವವಿದೆ ಎಂಬುದು ಸೆಂಘೋರ್‌ರ ಗಾಢ ನಂಬಿಕೆ. ಅವರ ಆಸಕ್ತಿಯಿಂದ ಇಲ್ಲಿ ಆ ಬಗೆಯ ಸಂಶೋಧನೆ ನಡೆದ 1970ರ ದಶಕದಲ್ಲಿ ಕೆಲಸ ಮಾಡಿದವರಲ್ಲಿ ನಮ್ಮ ಡಾ. ಯು. ಪಿ. ಉಪಾಧ್ಯಾಯರೂ ಒಬ್ಬರು. ಮುಂದೆ ಉಡುಪಿಯಲ್ಲಿ ಕುಳಿತು ತುಳು ನಿಘಂಟಿನ ಮಹಾಸಂಪುಟಗಳನ್ನು ಸಂಪಾದಿಸಿದವರು ಅವರೇ. ಆ ಬಂಧುತ್ವದ ವಾದವನ್ನು ಭಾಷಾಶಾಸ್ತ್ರ ಇಂದು ಬಹುಮಟ್ಟಿಗೆ ಒಪ್ಪುವುದಿಲ್ಲ. ಇರಲಿ. ಉಡುಪಿಯನ್ನೂ ಡಕಾರನ್ನೂ ಒಂದೇ ವಂಶವೃಕ್ಷಕ್ಕೆ ಸೇರಿಸಬಲ್ಲವರಾಗಿದ್ದ ಸೆಂಘೋರ್‌ಗೆ ಪಕ್ಕದ ಬಮಾಕೊದೊಂದಿಗೆ ಒಂದು ಬೇಸಿಗೆ ಕಳೆಯಲು ಆಗಲಿಲ್ಲವಲ್ಲ ಎಂದು ನಗು ಬಂತು.

ಗುರುವಾರ, ಸೇಂಟ್ ಲೂಯಿ

ಉತ್ತರಕ್ಕೆ 260 ಕಿಲೋಮೀಟರ್ ದೂರದ ಈ ದ್ವೀಪನಗರಕ್ಕೆ ಬಾರದೆ ಒಂದು ಗಂಟು ಬಿಡಿಸಲು ಆಗುತ್ತಿರಲಿಲ್ಲ. ಸೆನೆಗಲ್ ನದಿಯ ಮೇಲೆ 1897ರ ಕಬ್ಬಿಣದ ಸೇತುವೆ, ಆಚೆ ಬಾಲ್ಕನಿಗಳ ಹಳೆ ಮನೆಗಳು, ಉಪ್ಪುಗಾಳಿಗೆ ಸುಲಿದ ಗಾರೆ. 1895ರಲ್ಲಿ ಫ್ರೆಂಚ್ ಪಶ್ಚಿಮ ಆಫ್ರಿಕಾ ಎಂಬ ಆಡಳಿತ ಕೂಟ ರಚನೆಯಾದಾಗ ರಾಜಧಾನಿ ಇದೇ ಆಗಿತ್ತು. 1902ರಲ್ಲಿ ಡಕಾರ್‌ಗೆ ಹೋಯಿತು.

ಸೇಂಟ್ ಲೂಯಿ, ಗೋರೆ, ಡಕಾರ್, ರುಫಿಸ್ಕ್. ಈ ನಾಲ್ಕು ಊರಿನ ಆಫ್ರಿಕನ್ನರಿಗೆ ಹತ್ತೊಂಬತ್ತನೆಯ ಶತಮಾನದಿಂದಲೇ ಮತದ ಹಕ್ಕಿತ್ತು. ಪ್ಯಾರಿಸಿನ ಸಂಸತ್ತಿಗೆ ಪ್ರತಿನಿಧಿ ಕಳಿಸುತ್ತಿದ್ದರು. 1914ರಲ್ಲಿ ಬ್ಲೇಸ್ ಜಾನ್ಯೆ ಎಂಬ ಕಪ್ಪು ಆಫ್ರಿಕನ್ ಗೆದ್ದು ಹೋದರು. ಪೈಪೋಟಿ, ರಾಜಿ, ಗುಂಪುಗಾರಿಕೆ, ಹಿಂಬಾಗಿಲ ಒಪ್ಪಂದ, ಚುನಾವಣೆಯ ಎಲ್ಲ ಪಟ್ಟುಗಳೂ ಸೆನೆಗಲ್ ರಾಜಕಾರಣಿಗೆ ಅಜ್ಜನ ಕಾಲದಿಂದ ಬಂದದ್ದು. ಒಳನಾಡಿನ ಸುಡಾನಿನವರು ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಪ್ರಜೆಗಳಲ್ಲ, ಅಡಿಯಾಳುಗಳು. ಬಿಟ್ಟಿ ದುಡಿಮೆಗೆ ಹಿಡಿದೊಯ್ಯಬಹುದಾದವರು. ಅವರ ರಾಜಕೀಯ ಹುಟ್ಟಿದ್ದು 1946ರ ನಂತರ, ಶಿಸ್ತಿನ ಸಾಮೂಹಿಕ ಪಕ್ಷವಾಗಿ. ಮೇಲಿನಿಂದ ಮಾತು ಬಂದರೆ ಹಳ್ಳಿಯವರೆಗೂ ಒಂದೇ ಸ್ವರ. ಡಕಾರ್‌ನ ಗದ್ದಲ ಕೇಯ್ಟಾರಿಗೆ ಭ್ರಷ್ಟತೆಯಂತೆ ಕಂಡಿತು. ಬಮಾಕೊದ ಶಿಸ್ತು ದಿಯಾರಿಗೆ ಸರ್ವಾಧಿಕಾರದಂತೆ ಕಂಡಿತು. ಅವರಿಬ್ಬರ ಶಾಲೆ ಒಂದೇ ಆಗಿದ್ದರೂ ರಾಜಕೀಯದ ಗರಡಿ ಬೇರೆ ಎಂದು ನನಗೆ ಹೊಳೆದದ್ದು ಈ ಊರಿನ ಮರಳುಬೀದಿಗಳಲ್ಲಿ.

ಮಧ್ಯಾಹ್ನ ಮೀನೂಟದ ನಾಡಿನಲ್ಲಿ ಸಸ್ಯಾಹಾರಿಯ ಪಾಡು ಅನುಭವಿಸಿದೆ. ಮೀನನ್ನು ತೆಗೆದಿಟ್ಟು ಅನ್ನ, ಗೆಣಸು, ಎಲೆಕೋಸು ಬಡಿಸಿ, ಇದು ಸಸ್ಯಾಹಾರ ಎಂದು ಹೋಟೆಲಿನ ಹೆಂಗಸು ಧೈರ್ಯವಾಗಿ ಹೇಳಿದಳು.

ಶನಿವಾರ, ತಿಯೆಸ್

ಶುಕ್ರವಾರ ವಾಪಸು ಪ್ರಯಾಣದಲ್ಲೇ ಕಳೆಯಿತು. ತಿಯೆಸ್‌ಗೆ ಬಂದದ್ದು ಬಿಳಿಯ ಪುಟ್ಟ ಬಸ್ಸಿನಲ್ಲಿ. ಇಂಥ ಬಸ್ಸಿಗೆ ಇಲ್ಲಿನ ಜನ ಹೇಳುವುದೇ ‘ಟಾಟಾ’ ಎಂದು. ನಮ್ಮ ಕಂಪನಿಯ ಬಸ್ಸುಗಳನ್ನು ಜೋಡಿಸುವ ಕಾರ್ಖಾನೆಯೂ ಇದೇ ಊರಿನಲ್ಲಿದೆ. ಕಿಟಕಿಯಾಚೆ ಬೆತ್ತಲೆ ಬಾವೊಬಾಬ್ ಮರಗಳು, ನಡುವೆ ಶೇಂಗಾ ಕಿತ್ತ ಹೊಲಗಳು. ಫ್ರೆಂಚರು ಈ ಹಳಿ ಹಾಕಿದ್ದೇ ಒಳನಾಡಿನ ಶೇಂಗಾವನ್ನು ಬಂದರಿಗೆ ಹೊರಲು.

ತಿಯೆಸ್ ರೈಲ್ವೆಯವರ ಊರು. ದೊಡ್ಡ ದೊಡ್ಡ ಕಾರ್ಯಾಗಾರಗಳ ಗೋಡೆಗಳು ಈಗಲೂ ಇವೆ, ಒಳಗೆ ಹುಲ್ಲು ಬೆಳೆದ ಹಳಿ, ಬಿಸಿಲಿಗೆ ಸೀದ ಬೋಗಿಗಳು. ಫೋಟೊ ತೆಗೆಯಬಾರದೆಂದು ಕಾವಲುಗಾರ ಹೇಳಿದ, ಹಾಗೆ ಹೇಳಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಚಹಾ ಕುಡಿಸಿದ. ಮೂರು ಸುತ್ತಿನ ಚಹಾ ಇಲ್ಲಿಯ ಪದ್ಧತಿ. ಮೊದಲನೆಯದು ಕಹಿ, ಮೂರನೆಯದು ಪಾಯಸ.

1947ರ ಅಕ್ಟೋಬರಿನಲ್ಲಿ ಆಫ್ರಿಕನ್ ರೈಲ್ವೆ ಕಾರ್ಮಿಕರು ಫ್ರೆಂಚ್ ನೌಕರರಿಗೆ ಸಮನಾದ ಸವಲತ್ತು ಕೇಳಿ ಕೆಲಸ ನಿಲ್ಲಿಸಿದರು. ಹೋರಾಟದ ಮುಂದಾಳು ಇಬ್ರಾಹಿಮಾ ಸಾರ್. 1948ರ ಮಾರ್ಚ್‌ವರೆಗೆ, ಐದು ತಿಂಗಳಿಗೂ ಹೆಚ್ಚು ಕಾಲ, ಇಲ್ಲಿಂದ ಬಮಾಕೊವರೆಗೆ ಹಳಿಯುದ್ದಕ್ಕೂ ಸೆನೆಗಲ್‌ನವನು, ಸುಡಾನಿನವನು ಎಂಬ ಭೇದವಿಲ್ಲದೆ ಜನ ಹಸಿವು ತಡೆದು ನಿಂತರು. ಬೇಡಿಕೆಯ ಬಹುಪಾಲು ಗೆದ್ದರು. ಒಕ್ಕೂಟಕ್ಕೆ ಅಡಿಪಾಯ ಇದ್ದದ್ದು ಸಂವಿಧಾನದಲ್ಲಲ್ಲ, ಈ ಮುಷ್ಕರದಲ್ಲಿ ಎಂದು ನಾನು ಹೇಳುತ್ತೇನೆ. ನಾಯಕರು ಅದನ್ನು ಬಳಸಿಕೊಳ್ಳಲಿಲ್ಲ. 1959ರಲ್ಲಿ ಒಕ್ಕೂಟ ಬೇಕೇ ಎಂದು ಯಾರೂ ಜನರನ್ನು ಕೇಳಲಿಲ್ಲ, 1960ರಲ್ಲಿ ಒಡೆಯಲೇ ಎಂದೂ ಕೇಳಲಿಲ್ಲ. ಎರಡೂ ಡಕಾರ್‌ನ ಕೋಣೆಗಳಲ್ಲಿ, ಕೆಲವೇ ಜನರ ನಡುವೆ ತೀರ್ಮಾನವಾದವು.

ಒಡೆದ ಮೇಲೆ ಮಾಲಿ ಗಡಿಯಲ್ಲಿ ಹಳಿಯನ್ನು ಬಂದ್ ಮಾಡಿತು. ರೈಲ್ವೆ ಇಬ್ಭಾಗವಾಯಿತು. ತಲೆಮಾರುಗಳಿಂದ ತಿಯೆಸ್‌ನಲ್ಲಿ ನೆಲೆಸಿದ್ದ ಸುಡಾನ್ ಮೂಲದ ಅನೇಕ ಕುಟುಂಬಗಳು ಬಮಾಕೊ ಕಡೆಗೆ ಗಂಟುಮೂಟೆ ಕಟ್ಟಿದವು. ಚಹಾ ಕುಡಿಸಿದ ಕಾವಲುಗಾರನ ಸೋದರತ್ತೆಯೊಬ್ಬಳು ಹಾಗೆ ಹೋದವಳಂತೆ. ಅವಳ ಮೊಮ್ಮಕ್ಕಳು ಈಗ ಮೊಬೈಲಿನಲ್ಲಿ ಹಬ್ಬದ ಶುಭಾಶಯ ಕಳಿಸುತ್ತಾರೆ, ಅವನು ಅವರನ್ನು ನೋಡಿಲ್ಲ.

ಭಾನುವಾರ, ತಂಬಾಕುಂಡಾ

ದಿನವಿಡೀ ಬಸ್ಸು. ಕಾವ್ಲಾಕ್ ದಾಟಿದ ಮೇಲೆ ಊರುಗಳು ವಿರಳವಾದವು, ಸೆಕೆ ಹೆಚ್ಚಿತು, ಮರುಭೂಮಿಯ ಧೂಳುಗಾಳಿ ಸೂರ್ಯನನ್ನು ಸಂಜೆಗೆ ಮುಂಚೆಯೇ ನುಂಗಿತು. ತಂಬಾಕುಂಡಾದ ನಿಲ್ದಾಣದಲ್ಲಿ ಆಡು ಮೇಯುತ್ತಿದ್ದವು. ಹೇಳುವಂಥದ್ದು ಬೇರೇನೂ ನಡೆಯಲಿಲ್ಲ, ರಾತ್ರಿ ಸೊಳ್ಳೆಪರದೆಯಲ್ಲಿ ತೂತಿತ್ತು.

ಸೋಮವಾರ, ಕಿದಿರಾ

ಗಡಿಗೆ 180 ಕಿಲೋಮೀಟರ್. ಕಿದಿರಾ ತಲುಪುವುದಕ್ಕೆ ಮುಂಚೆಯೇ ಲಾರಿಗಳ ಸಾಲು ಶುರುವಾಯಿತು. ಸಿಮೆಂಟು, ಅಕ್ಕಿ, ಇಂಧನದ ಟ್ಯಾಂಕರ್. ಸಮುದ್ರವಿಲ್ಲದ ಮಾಲಿಗೆ ಡಕಾರ್ ಬಂದರೇ ಮುಖ್ಯ ಬಾಗಿಲು, ಸೆನೆಗಲ್ ಸರಕಿನ ಅತಿ ದೊಡ್ಡ ಗಿರಾಕಿಗಳಲ್ಲಿ ಮಾಲಿಯೂ ಒಂದು. ಈ ಅವಲಂಬನೆ ಒಕ್ಕೂಟದ ಕಾಲದಲ್ಲಿ ಇದ್ದದ್ದಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯಾಗಿಲ್ಲ. 1960ರಲ್ಲಿ ಹಟಕ್ಕೆ ಬಿದ್ದ ಕೇಯ್ಟಾ ತಮ್ಮ ಸರಕನ್ನೆಲ್ಲ ಲಾರಿಗಳಲ್ಲಿ ಐವರಿ ಕೋಸ್ಟ್ ದಾರಿಗೆ ತಿರುಗಿಸಿದರು. ಒಕ್ಕೂಟವನ್ನು ಮುರಿಯಲು ಹೆಣಗಿದ ಉಫುವೆ-ಬ್ವಾನಿಯ ಬಂದರಿಗೇ ಅದರಿಂದ ಲಾಭವಾಯಿತು. ದುಬಾರಿಯ ಹಟ ಅದು. 1962ರ ಜುಲೈಯಲ್ಲಿ ಮಾಲಿ, ಫ್ರಾನ್ಸಿನ ನಾಣ್ಯಕ್ಕೆ ಕಟ್ಟಿಕೊಂಡಿದ್ದ ಫ್ರಾಂಕ್ ವಲಯವನ್ನೂ ಬಿಟ್ಟು ತನ್ನದೇ ನಾಣ್ಯ ತಂದಿತು. 1984ರಲ್ಲಿ ವಾಪಸು ಬಂತು. ಈಗ ಎರಡೂ ಕಡೆ ಒಂದೇ ನೋಟು.

ಫಲೆಮೆ ನದಿಯೇ ಗಡಿ. ಮೇಲ್ಭಾಗದ ಚಿನ್ನದ ಗಣಿಗಾರಿಕೆಯಿಂದ ನೀರು ಕೆಸರಿನ ಬಣ್ಣಕ್ಕೆ ತಿರುಗಿದೆ. ದಡದಲ್ಲಿ ಗಣಿಗಾರಿಕೆಗೆ ಸೆನೆಗಲ್ 2024ರಲ್ಲಿ ನಿಷೇಧ ಹೇರಿತು. ಆಚೆ ದಡದ ದಿಬೊಲಿ ಮಾಲಿಯದು, ಕಾಯೆಸ್ ಮೇಲೆ ದಾಳಿಯಾದ ದಿನವೇ ಅಲ್ಲೂ ಗುಂಡು ಹಾರಿತ್ತು. ಸೇತುವೆಯ ಕಡೆ ಹೋಗಬೇಡಿ ಎಂದು ಪೊಲೀಸರು ನಯವಾಗಿ ತಡೆದರು. ನೋಡಲು ಇದ್ದದ್ದೂ ಇಷ್ಟೆ: ಹಳಿ ನದಿ ದಾಟುತ್ತದೆ, ನಾವು ದಾಟುವುದಿಲ್ಲ.

1963ರಲ್ಲಿ ಸೆಂಘೋರ್ ಮತ್ತು ಕೇಯ್ಟಾ ಇದೇ ಊರಿನಲ್ಲಿ ಭೇಟಿಯಾಗಿ ಅಪ್ಪಿಕೊಂಡರು. ರೈಲು ಮತ್ತೆ ಓಡಿತು, ಆದರೆ ಒಂದು ದೇಶದ ರೈಲಾಗಿ ಅಲ್ಲ. 2022ರಲ್ಲಿ ಮಾಲಿಯ ಸೈನಿಕ ಸರ್ಕಾರದ ಮೇಲೆ ನೆರೆಹೊರೆಯ ದೇಶಗಳ ಕೂಟ ದಿಗ್ಬಂಧನ ಹೇರಿದಾಗ ಈ ಗಡಿ ಆರು ತಿಂಗಳು ಮತ್ತೆ ಮುಚ್ಚಿತು. ಆ ಕೂಟದಿಂದ ಮಾಲಿ 2025ರ ಜನವರಿಯಲ್ಲಿ ಹೊರಬಂದು, ಬುರ್ಕಿನಾ ಫಾಸೊ ಮತ್ತು ನೈಜರ್ ಜೊತೆ ತನ್ನದೇ ಹೊಸ ಒಕ್ಕೂಟ ಕಟ್ಟಿಕೊಂಡಿದೆ. ಬುರ್ಕಿನಾ ಎಂದರೆ 1959ರಲ್ಲಿ ಕೈಕೊಟ್ಟ ಅದೇ ಅಪ್ಪರ್ ವೋಲ್ಟಾ. ಈ ಸಲ ಮೂವರಿದ್ದಾರೆ. ಮೂವರೂ ಸೇನಾಧಿಕಾರಿಗಳು, ಯಾರೂ ಮತಕ್ಕೆ ನಿಂತವರಲ್ಲ ಎಂಬುದು ನನ್ನನ್ನು ಅಷ್ಟೇನೂ ನೆಮ್ಮದಿಯಲ್ಲಿ ಇಡುವುದಿಲ್ಲ.

ಮಧ್ಯಾಹ್ನ ಚಹಾದಂಗಡಿಯ ಜಗಲಿಯಲ್ಲಿ ಬಮಾಕೊದ ಲಾರಿ ಚಾಲಕನೊಬ್ಬ ಸಿಕ್ಕಿದ. ಬೆಂಗಾವಲಿನ ಸೈನಿಕರಿಗಾಗಿ ಅವನು ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದ. ನಾನು ಯಾಕೆ ಬಂದೆನೆಂದು ಅಂಗಡಿಯವನೇ ಅನುವಾದಿಸಿದ. ಒಕ್ಕೂಟದ ಹೆಸರು ಕೇಳಿದ್ದೇ ಚಾಲಕ ನೆಟ್ಟಗೆ ಕೂತ. ಶಾಲೆಯಲ್ಲಿ ಓದಿದ್ದಾನೆ, ಸೆಂಘೋರ್ ಫ್ರಾನ್ಸಿನ ಮಾತು ಕೇಳಿ ಬೆನ್ನಿಗೆ ಚೂರಿ ಹಾಕಿದರು, ಅಷ್ಟೆ. ಅಂಗಡಿಯವನು ಅನುವಾದ ನಿಲ್ಲಿಸಿ ಉತ್ತರ ಕೊಟ್ಟ. ಕೇಯ್ಟಾ ಸೈನ್ಯ ಕರೆದು ಡಕಾರನ್ನೇ ನುಂಗಲು ನೋಡಿದರು, ಪಾಠದಲ್ಲಿ ಅವನೂ ಓದಿದ್ದಾನೆ. ಇನ್ನಿಬ್ಬರು ಸೇರಿಕೊಂಡರು. ವೊಲೊಫ್, ಬಂಬಾರಾ, ಫ್ರೆಂಚ್ ಮೂರೂ ಬೆರೆತವು, ಕೈಗಳು ಆಡಿದವು, ನಡುನಡುವೆ ನಗೆಯೂ ಇತ್ತು. ಎರಡನೆಯ ಸುತ್ತಿನ ಚಹಾ ಬಂತು, ಹಣ ಯಾರು ಕೊಡಬೇಕೆಂಬ ಹೊಸ ಜಗಳವೂ ಹುಟ್ಟಿತು. ತಂಬಾಕುಂಡಾದ ಬಸ್ಸಿನವನು ಮೂರನೆಯ ಸಲ ಹಾರ್ನ್ ಬಾರಿಸಿ ನಾನು ಎದ್ದಾಗ ಅವರು ಇನ್ನೂ ಆಗಸ್ಟ್ 19ರ ಸಂಜೆಯನ್ನೇ ದಾಟಿರಲಿಲ್ಲ.